ಗಚ್ಚು ಗಟ್ಟಿ, ಬೀಗವೇ ಅಡ್ಡಿ: ಹಳೆಯ ರೈಲು ನಿಲ್ದಾಣದಲ್ಲಿ ತೆರೆದ ನಮ್ಮೂರ ವಾಚನಾಲಯ

ವಿಜಯಪುರ ಮತ್ತು ಆಲಮಟ್ಟಿಯ ನಡುವೆ, ಪ್ಯಾಸೆಂಜರ್ ಗಾಡಿಗಳಷ್ಟೇ ನಿಲ್ಲುವ ನಮ್ಮೂರಿನಲ್ಲಿ, ಬೀಗ ಜಡಿದು ಬಿಟ್ಟಿದ್ದ ಹಳೆಯ ನಿಲ್ದಾಣದ ಕಟ್ಟಡವನ್ನು ದುರಸ್ತಿ ಮಾಡಿ ವಾಚನಾಲಯವಾಗಿಯೂ ಊರವರು ಸೇರುವ ಜಾಗವಾಗಿಯೂ ತೆರೆದಿದ್ದಾರೆ. ಉದ್ಘಾಟನೆಯಾದ ಕೂಡಲೇ ಇದರ ಬಗ್ಗೆ ಬರೆಯಬಹುದಾಗಿತ್ತು. ಆದರೆ ಹೊಸದಾಗಿ ಸುಣ್ಣ ಬಳಿದ ಗೋಡೆ ಯಾರ ಕಣ್ಣಿಗಾದರೂ ಚೆಂದವೇ ಕಾಣುತ್ತದೆ. ಹಳೆಯ ಕಟ್ಟಡದ ದುರಸ್ತಿ ನೆಟ್ಟಗಾಗಿದೆಯೋ ಇಲ್ಲವೋ ಎಂಬುದು ತಿಳಿಯುವುದು ನಮ್ಮ ಜಿಲ್ಲೆಯ ಬೇಸಿಗೆಯನ್ನೂ ಅದರ ಬೆನ್ನಿಗೆ ಬರುವ ಮಳೆಗಾಲವನ್ನೂ ಅದು ದಾಟಿದ ಮೇಲೆ. ಈಗ ಎರಡೂ ಕಳೆದಿವೆ. ಗೋಡೆ ಮತ್ತು ಮಾಳಿಗೆಯ ಕೆಲಸ ಬಹುಮಟ್ಟಿಗೆ ಉತ್ತಮವಾಗಿದೆ, ಕಟ್ಟಡದ ಬಳಕೆ ಅದಕ್ಕಿಂತಲೂ ಉತ್ತಮವಾಗಿದೆ, ಕೊರತೆ ಹೆಚ್ಚಾಗಿ ಇರುವುದು ಬೀಗ ಬಿದ್ದಿರುವ ಬಾಗಿಲುಗಳ ಹಿಂದೆ ಎಂಬುದು ನನ್ನ ತೀರ್ಮಾನ.

ಈ ಕಟ್ಟಡ ಖಾಲಿ ಬಿದ್ದದ್ದೇಕೆ ಎಂಬುದನ್ನು ಮೊದಲು ಹೇಳಬೇಕು. ಸೊಲ್ಲಾಪುರದ ಬಳಿಯ ಹೋಟಗಿಯಿಂದ ಗದಗಿನವರೆಗಿನ 284 ಕಿಲೋಮೀಟರ್ ಮಾರ್ಗ ಒಂದು ಕಾಲದಲ್ಲಿ ಮೀಟರ್ ಗೇಜ್, ಅಂದರೆ ಹಳಿಗಳ ನಡುವೆ ಒಂದೇ ಮೀಟರ್ ಅಂತರದ್ದು, ಆಗಿತ್ತು. ಅಗಲ ಹಳಿಯ ಬ್ರಾಡ್ ಗೇಜ್ ಬಂದು, ಜೋಡಿ ಮಾರ್ಗ ಮತ್ತು ವಿದ್ಯುದೀಕರಣದ ಕೆಲಸಗಳು ನಡೆದು, ಸಿಗ್ನಲ್ ವ್ಯವಸ್ಥೆ ಬದಲಾದಂತೆ, ಯಂತ್ರಗಳಿಗೆ ಬೇರೆಯೇ ತರಹದ ಕೋಣೆಗಳು ಬೇಕಾದವು. ನಮ್ಮಲ್ಲಿ ಹೊಸ ಕಟ್ಟಡ ಸ್ವಲ್ಪ ದೂರದಲ್ಲಿ ಎದ್ದಿತು. ಕಲ್ಲಿನ ಹಳೆಯ ಕಟ್ಟಡಕ್ಕೆ ಕೆಲಸವೇ ಉಳಿಯಲಿಲ್ಲ. ಅದನ್ನು ಕೆಡವದೆ ಉಳಿಸಿದ್ದಕ್ಕೆ ಊರಿನ ಹಿರಿಯರ ಮತ್ತು ನಿವೃತ್ತ ರೈಲ್ವೆ ನೌಕರರ ಪಟ್ಟು ಕಾರಣ. ಅನುಮತಿಗಾಗಿ ಅವರು ತಿರುಗಿದ ಕಚೇರಿಗಳ ಕಥೆ ಬೇರೆಯೇ ಇದೆ. ಅದನ್ನು ಹೇಳುವ ಹಕ್ಕು ಅವರದು.

ದುರಸ್ತಿಯ ಬಗ್ಗೆ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಹಳೆಯ ಕಟ್ಟಡಗಳು ನಮ್ಮ ಕಡೆ ಹಾಳಾಗುವುದು ನಿರ್ಲಕ್ಷ್ಯದಿಂದ ಎಷ್ಟೋ, ತಪ್ಪು ದುರಸ್ತಿಯಿಂದಲೂ ಅಷ್ಟೇ. ಈ ನಿಲ್ದಾಣದ ಗೋಡೆಗಳು ಒಂದೂವರೆ ಮೊಳಕ್ಕೂ ಹೆಚ್ಚು ದಪ್ಪದ ಕಲ್ಲಿನವು, ಕಲ್ಲುಗಳ ನಡುವೆ ಇರುವುದು ಗಚ್ಚು, ಅಂದರೆ ಸುಣ್ಣದ ಗಾರೆ. ಗೋಲಗುಂಬಜದ ನೆರಳಿನ ಜಿಲ್ಲೆಯವರಿಗೆ ಗಚ್ಚಿನ ಬಲವನ್ನು ವಿವರಿಸಬೇಕಾಗಿಲ್ಲ. 1656ರ ಆ ಗುಮ್ಮಟದ ಇಟ್ಟಿಗೆಗಳನ್ನು ಇಂದಿಗೂ ಹಿಡಿದಿರುವುದು ಸುಣ್ಣವೇ. ಆದರೂ ಸುಣ್ಣದ ಗೋಡೆಗೆ ಸಿಮೆಂಟಿನ ಗಿಲಾವು ಹಚ್ಚುವುದು ಎಲ್ಲ ಊರಲ್ಲೂ ನಡೆದಿದೆ. ಸಿಮೆಂಟು ಗಟ್ಟಿಯಾದ, ತೇವವನ್ನು ಹೊರಗೆ ಬಿಡದ ಪದರ. ಅಡಿಪಾಯದಿಂದ ಮೇಲೇರುವ ನೀರು ಅದರ ಹಿಂದೆಯೇ ನಿಲ್ಲುತ್ತದೆ, ಆ ನೀರಿನಲ್ಲಿ ಕರಗಿದ ಲವಣಗಳು ಒಣಗುವಾಗ ಹರಳುಗಟ್ಟಿ ಕಲ್ಲಿನ ಮೈಯನ್ನೇ ಪದರು ಪದರಾಗಿ ಕೀಳುತ್ತವೆ, ಕೊನೆಗೆ ಗಿಲಾವು ಹಲಗೆ ಹಲಗೆಯಾಗಿ ಕಳಚಿ ಬೀಳುವಾಗ ಕಲ್ಲಿನ ಚೂರುಗಳನ್ನೂ ಹೊತ್ತುಕೊಂಡು ಬೀಳುತ್ತದೆ. ಸುಣ್ಣದ ಗಿಲಾವು ಹಾಗಲ್ಲ, ತೇವವನ್ನು ಹೀರಿ ಗಾಳಿಗೆ ಬಿಡುತ್ತದೆ. ಕೆಲಸ ಮಾಡಿದ ಹಿರಿಯ ಗೌಂಡಿಯವರು ಇದನ್ನು ಒಂದೇ ಮಾತಿನಲ್ಲಿ ಹೇಳಿದರು: "ಸಿಮೆಂಟ್ ಹಚ್ಚಿದ್ರ ಗ್ವಾಡಿ ಉಸಿರ ಕಟ್ಟತೈತ್ರೀ ಸರ."

ಈ ಗೌಂಡಿಯವರೂ ಅವರ ತಂಡವೂ ಬಾಗಲಕೋಟೆ ಕಡೆಯವರು. ಬಾಗಲಕೋಟೆ, ಲೋಕಾಪುರ, ಮುಧೋಳದ ಸುತ್ತಲಿನ ನೆಲದಲ್ಲಿ ಸುಣ್ಣದ ಕಲ್ಲು ಹೇರಳವಾಗಿದೆ; ಸುಣ್ಣ ಸುಡುವುದನ್ನೇ ಕಸುಬಾಗಿ ಮಾಡಿಕೊಂಡು ಬಂದ ಸುಣಗಾರ ಮನೆತನಗಳು ನಮ್ಮ ಎರಡೂ ಜಿಲ್ಲೆಗಳಲ್ಲಿ ಇವೆ. ಹೀಗಿದ್ದೂ ಚೀಲದಲ್ಲಿ ಬರುವ ಪುಡಿ ಸುಣ್ಣವನ್ನೇ ಕಲಸಿ ಮುಗಿಸುವ ಅವಸರ ಎಲ್ಲ ಗುತ್ತಿಗೆಯಲ್ಲೂ ಇರುತ್ತದೆ. ಇಲ್ಲಿ ಹಾಗೆ ಮಾಡಲಿಲ್ಲ. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ನೀರಿಗೆ ಹಾಕಿ ಅರಳಿಸಿ, ಬೆಣ್ಣೆಯ ಹದ ಬರುವ ತನಕ ವಾರಗಟ್ಟಲೆ ನೀರಿನಡಿ ಬಿಟ್ಟರು. ಆಮೇಲೆ ತೊಳೆದ ಉಸುಕು ಮತ್ತು ಇಟ್ಟಿಗೆಯ ಪುಡಿ ಬೆರೆಸಿ ಅರೆದರು. ಅಳಲೆಕಾಯಿ ನೆನೆಸಿದ ನೀರು ಮತ್ತು ಬೆಲ್ಲದ ನೀರನ್ನು ಹದವಾಗಿ ಸೇರಿಸಿದರು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮರಳಿ ಕಲ್ಲಾಗುವ ಮೂಲಕ. ಅದಕ್ಕೆ ತೇವ ಬೇಕು, ಕಾಲ ಬೇಕು. ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹಚ್ಚಿದ ಗಿಲಾವು ಗಟ್ಟಿಯಾಗುವ ಮೊದಲೇ ಒಣಗಿ ಬಿರಿಯುತ್ತದೆ. ಆದ್ದರಿಂದ ದೀಪಾವಳಿಯ ನಂತರ ಕೆಲಸ ಆರಂಭಿಸಿ, ಗೋಣಿಚೀಲ ಇಳಿಬಿಟ್ಟು ನೀರು ಹೊಡೆಯುತ್ತ, ಬಿಸಿಲು ಏರುವ ಹೊತ್ತಿಗೆ ಮುಗಿಸಿದರು. ಊರಿನಲ್ಲಿ ಕೆಲವರು "ಎಷ್ಟು ದಿನ ಎಳಿತಾರ ಇವರು" ಎಂದು ಗೊಣಗಿದ್ದುಂಟು. ಮಳೆಗಾಲ ಮುಗಿದ ಮೇಲೆ ನಾನು ಗೋಡೆಗಳನ್ನು ಕೈಯಿಂದ ಮುಟ್ಟಿ ನೋಡುತ್ತ ಸುತ್ತು ಬಂದೆ: ಮೂರು ಕಡೆಯ ಗೋಡೆಗಳಲ್ಲಿ ಒಂದು ಗೀರೂ ಇಲ್ಲ, ಬೂಷ್ಟೂ ಇಲ್ಲ.

ನಾಲ್ಕನೆಯದು ಹಿಂಬದಿಯ ಗೋಡೆ. ಅದರ ಕೆಳಭಾಗಕ್ಕೆ ಬೇರೊಂದು ಗುತ್ತಿಗೆಯವರು, ನೀರಿನ ಪೈಪು ಕೂಡಿಸುವಾಗ, ಎದೆಯ ಮಟ್ಟದವರೆಗೆ ಸಿಮೆಂಟ್ ಮೆತ್ತಿ ಹೋಗಿದ್ದಾರೆ. ಅಲ್ಲಿ ಈಗಾಗಲೇ ಬಿಳಿಯ ಉಪ್ಪು ಹೂವಿನಂತೆ ಎದ್ದಿದೆ. ಒಂದೇ ಕಟ್ಟಡ, ಒಂದೇ ಮಳೆ. ಎರಡು ಬಗೆಯ ಕೆಲಸದ ಫಲ ಅಕ್ಕಪಕ್ಕದಲ್ಲಿ ಕಾಣುತ್ತಿದೆ. ಹಳೆಯ ಮನೆ, ಗುಡಿ, ಮಠ, ವಾಡೆಗಳ ದುರಸ್ತಿಯ ಯೋಚನೆಯಲ್ಲಿ ಇರುವವರು ಬೇರೇನೂ ನೋಡದಿದ್ದರೂ ಈ ಹಿಂಬದಿಯ ಗೋಡೆಯನ್ನು ನೋಡಲಿ ಎಂದು ಕೇಳಿಕೊಳ್ಳುತ್ತೇನೆ. ಆ ಸಿಮೆಂಟನ್ನು ಈ ಚಳಿಗಾಲದಲ್ಲಿ ಕೆತ್ತಿ ತೆಗೆದು ಗಚ್ಚು ಹಾಕದಿದ್ದರೆ ಕಲ್ಲು ಉಳಿಯುವುದಿಲ್ಲ.

ಮಾಳಿಗೆಯೂ ಗಮನಕ್ಕೆ ತಕ್ಕದ್ದು. ಕಚೇರಿಯ ಕೋಣೆಗಳ ಮೇಲೆ ಹಳೆಯ ರೈಲು ಕಂಬಿಗಳನ್ನೇ ತೊಲೆಗಳಾಗಿ ಅಡ್ಡ ಹಾಕಿ, ನಡುವಿನ ಜಾಗಕ್ಕೆ ಇಟ್ಟಿಗೆಯ ಸಣ್ಣ ಕಮಾನುಗಳನ್ನು ಕಟ್ಟಿದ್ದಾರೆ. ರೈಲ್ವೆಯ ಹಳೆಯ ಕಟ್ಟಡಗಳಲ್ಲಿ ಈ ಪದ್ಧತಿ ಸಾಮಾನ್ಯವಾಗಿತ್ತು. ಕಂಬಿಗಳಿಗೆ ತುಕ್ಕು ಹಿಡಿದಾಗ ಅವು ಉಬ್ಬಿ ಇಟ್ಟಿಗೆಯನ್ನು ಒಡೆಯುತ್ತವೆ. ಇಲ್ಲಿ ತುಕ್ಕು ಉಜ್ಜಿ ತೆಗೆದು, ತಡೆಯುವ ಬಣ್ಣ ಬಳಿದು, ಸಡಿಲಾದ ಇಟ್ಟಿಗೆಗಳನ್ನು ಗಚ್ಚಿನಲ್ಲೇ ಮರುಜೋಡಿಸಿದ್ದಾರೆ. ಕೆಳಗೆ ಸುಳ್ಳು ಚಾವಣಿ ಹಾಕಿ ಮುಚ್ಚಿಲ್ಲ, ಇದು ಬಹಳ ಸರಿಯಾದ ನಿರ್ಧಾರ: ಮುಂದೆ ಎಂದಾದರೂ ಸೋರಿದರೆ ಅದೇ ದಿನ ಕಣ್ಣಿಗೆ ಬೀಳುತ್ತದೆ. ಜಗುಲಿಯ ಮಂಗಳೂರು ಹಂಚುಗಳಲ್ಲಿ ಒಡೆದವನ್ನು ಮಾತ್ರ ಬದಲಿಸಿದ್ದಾರೆ. ಸಾಗುವಾನಿಯ ಬಾಗಿಲುಗಳಿಗೆ ಹಿಡಿದಿದ್ದ ದಪ್ಪ ಬಣ್ಣವನ್ನು ಬಡಿಗೇರರು ತೆಗೆದು ಎಣ್ಣೆ ಉಣಿಸಿದ್ದಾರೆ. ಮುಂಭಾಗದ ಕಲ್ಲಿನ ಕಂಬಗಳಿಗೆ ಮಾತ್ರ ಯಾರೋ ಎಣ್ಣೆಬಣ್ಣ ಬಳಿದಿದ್ದಾರೆ, ಅದು ಹೋಗಬೇಕು.

ಇನ್ನು ಬಳಕೆಯ ವಿಷಯ. ಪ್ರಯಾಣಿಕರು ಕೂರುತ್ತಿದ್ದ ದೊಡ್ಡ ಕೋಣೆಯೇ ಈಗ ವಾಚನಾಲಯ. ಟಿಕೆಟ್ ಕೊಡುತ್ತಿದ್ದ ಕಿಂಡಿಯನ್ನು ಹಾಗೆಯೇ ಉಳಿಸಿ, ಅದರ ಮೂಲಕವೇ ಪುಸ್ತಕಗಳನ್ನು ಕೊಟ್ಟು ತೆಗೆದುಕೊಳ್ಳುತ್ತಾರೆ. ಕೈಗಳ ಸವೆತದಿಂದ ನಡು ತಗ್ಗಿದ ಕಲ್ಲಿನ ಪಟ್ಟಿ ಹಾಗೇ ಇದೆ. ಬೆಳಗಿನ ಪ್ಯಾಸೆಂಜರ್ ಬರುವುದಕ್ಕೆ ಮೊದಲು ಬಾಗಿಲು ತೆರೆಯುತ್ತದೆ, ರಾತ್ರಿಯ ಕೊನೆಯ ಗಾಡಿ ಹೋದ ಮೇಲೆ ಮುಚ್ಚುತ್ತದೆ. ಈ ಸಮಯವನ್ನು ಯಾರು ಗೊತ್ತು ಮಾಡಿದರೋ ಅವರಿಗೆ ನನ್ನ ನಮಸ್ಕಾರ. ಸರಕಾರಿ ಕಚೇರಿಯ ಹೊತ್ತಿಗೆ ತೆರೆದು ಮುಚ್ಚುವ ಗ್ರಂಥಾಲಯ ಹೊಲಕ್ಕೆ, ಕಾಲೇಜಿಗೆ, ಕೂಲಿಗೆ ಹೋಗುವವರಿಗೆ ಒದಗುವುದೇ ಇಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳು ಎಷ್ಟೋ ಊರುಗಳಲ್ಲಿ ಒಳ್ಳೆಯ ಕೆಲಸ ಮಾಡುತ್ತಿವೆ, ಆದರೆ ರಾತ್ರಿ ಓದಬೇಕಾದ ಹುಡುಗನಿಗೆ ಅಲ್ಲಿ ಜಾಗ ಸಿಗುವುದು ಕಷ್ಟ. ಪೊಲೀಸ್, ಪಿಡಿಒ, ರೈಲ್ವೆ ಪರೀಕ್ಷೆಗಳಿಗೆ ಓದುವ ಯುವಕ ಯುವತಿಯರು ಇಲ್ಲಿ ದೀಪ ಹಚ್ಚಿದ ಹೊತ್ತಿಗೆ ಬಂದು ಕೂರುತ್ತಾರೆ. ಮನೆಯಲ್ಲಿ ಒಂದೇ ಕೋಣೆ, ಅದರಲ್ಲೇ ಟಿವಿ, ಅದರಲ್ಲೇ ಅಡುಗೆ ಇರುವವರಿಗೆ ಈ ಮೇಜು ಎಷ್ಟು ದೊಡ್ಡದು ಎಂಬುದನ್ನು ಬಲ್ಲವರೇ ಬಲ್ಲರು.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಸಂಗತಿ ಇದು: ಇಲ್ಲಿ ಒಳಗೆ ಬಂದವರನ್ನು ಯಾರೂ "ಯಾಕೆ ಬಂದಿರಿ" ಎಂದು ಕೇಳುವುದಿಲ್ಲ. ಸದಸ್ಯತ್ವ ಬೇಕಾಗುವುದು ಪುಸ್ತಕ ಮನೆಗೆ ಒಯ್ಯುವುದಕ್ಕೆ ಮಾತ್ರ. ಗಾಡಿಗೆ ಕಾಯುವ ಮುದುಕಿ, ಸಂತೆಯಿಂದ ಬಂದು ದಣಿವಾರಿಸಿಕೊಳ್ಳುವ ದಂಪತಿ, ಮಗುವಿಗೆ ಹಾಲೂಡಿಸಬೇಕಾದ ತಾಯಿ, ಎಲ್ಲರಿಗೂ ಗೋಡೆಯುದ್ದಕ್ಕೆ ಹಳೆಯ ಮರದ ಬೆಂಚುಗಳಿವೆ. ರೈಲು ನಿಲ್ದಾಣವೆಂದರೆ ಜಾತಿ, ಮನೆತನ, ಪರಿಚಯಗಳ ಹಂಗಿಲ್ಲದೆ ಕೂರಬಹುದಾದ ಜಾಗ. ನಮ್ಮ ಹಳ್ಳಿಗಳಲ್ಲಿ ಅಂಥ ಜಾಗಗಳು ಹೆಚ್ಚಿಲ್ಲ. ಗುಡಿಯ ಕಟ್ಟೆಗೂ ಚಾವಡಿಗೂ ಅವುಗಳದೇ ಆದ ಅಲಿಖಿತ ಕಟ್ಟಳೆಗಳಿವೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ಕಟ್ಟಡದ ಈ ಹಳೆಯ ಗುಣವನ್ನು ಹೊಸ ಬಳಕೆಯಲ್ಲೂ ಕಾಯ್ದುಕೊಂಡಿರುವುದೇ ಇಲ್ಲಿನ ನಿಜವಾದ ಜೀರ್ಣೋದ್ಧಾರ ಎಂದು ನಾನು ಎಣಿಸುತ್ತೇನೆ. ಓದುವವರಿಗೂ ಕಾಯುವವರಿಗೂ ನಡುವೆ ಗದ್ದಲದ ತಕರಾರು ಬರುತ್ತದೆ, ನಿಜ. ಅದಕ್ಕಾಗಿ ಓದುವ ಮೇಜುಗಳನ್ನು ಒಳಗಿನ ಕಮಾನಿನಾಚೆ ಹಾಕಿದ್ದಾರೆ. ಸಾಕಷ್ಟು ಸಾಲುತ್ತದೆ.

ಪಾರ್ಸಲ್ ಕೋಣೆಯನ್ನು ಮಹಿಳೆಯರ ಸ್ವಸಹಾಯ ಸಂಘಕ್ಕೆ ಕೊಟ್ಟಿದ್ದಾರೆ. ಕಟಿರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಜ್ಜಿಗೆ, ಚಹಾ ಸಿಗುತ್ತವೆ. ರೊಟ್ಟಿ ಬಿಳಿಜೋಳದ್ದೇ, ರುಚಿ, ಬೆಲೆ ಎರಡರಲ್ಲೂ ದೂರಿಲ್ಲ. ಬಾಡಿಗೆಯಾಗಿ ಅವರು ಇಡೀ ಕಟ್ಟಡವನ್ನು ಗುಡಿಸಿ ಒರೆಸಿ ಇಡುತ್ತಾರೆ, ನೆಲದ ಕಲ್ಲುಗಳು ಹೊಳೆಯುತ್ತವೆ.

ಈಗ ದೋಷಗಳಿಗೆ ಬರುತ್ತೇನೆ. ಮೊದಲನೆಯದು ನೆಲದ ಮಟ್ಟ. ಮೀಟರ್ ಗೇಜಿನ ಕಾಲದಲ್ಲಿ ಪ್ಲಾಟ್‌ಫಾರಂ ತಗ್ಗಾಗಿತ್ತು; ಬ್ರಾಡ್ ಗೇಜಿನ ಎತ್ತರದ ಪ್ಲಾಟ್‌ಫಾರಂ ಹಳಿಯಿಂದ 760ರಿಂದ 840 ಮಿಲಿಮೀಟರ್ ಮೇಲಿರುತ್ತದೆ. ಹೀಗಾಗಿ ಹಳೆಯ ಕಟ್ಟಡದ ನೆಲ ಈಗ ಪ್ಲಾಟ್‌ಫಾರಂಗಿಂತ ಕೆಳಗೆ ಉಳಿದಿದೆ, ಮಳೆಯ ನೀರೆಲ್ಲ ಕಟ್ಟಡದ ಕಡೆಗೇ ಇಳಿಯುತ್ತದೆ. ಸುತ್ತಲಿನದು ಎರೆಮಣ್ಣು: ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಅಡಿಪಾಯವನ್ನು ಅಲುಗಾಡಿಸುತ್ತದೆ. ದುರಸ್ತಿಯ ತಂಡ ಪ್ಲಾಟ್‌ಫಾರಂ ಬದಿಗೆ ಕಲ್ಲು ತುಂಬಿದ ಕಾಲುವೆ ತೋಡಿ ನೀರನ್ನು ದೂರ ಒಯ್ದಿದೆ, ಅದು ಈ ಮಳೆಗಾಲದಲ್ಲಿ ಕೆಲಸ ಮಾಡಿದ್ದನ್ನು ನಾನೇ ನೋಡಿದ್ದೇನೆ. ಆದರೆ ಕಾಲುವೆಯ ಬಾಯಿಗೆ ಚಹಾ ಕಪ್ಪುಗಳು, ಗುಟಕಾ ಚೀಟಿಗಳು ಸೇರುತ್ತಿವೆ. ವರ್ಷಕ್ಕೊಮ್ಮೆ, ರೋಹಿಣಿ ಮಳೆಗೆ ಮುಂಚೆ, ಅದನ್ನು ಬಗೆದು ತೆಗೆಯುವ ಹೊಣೆ ಯಾರದು ಎಂದು ಇನ್ನೂ ಗೊತ್ತಾಗಿಲ್ಲ. ಆ ಹೊಣೆ ಒಬ್ಬರ ಹೆಸರಿಗೆ ಬೀಳಲೇಬೇಕು.

ರಸ್ತೆಯ ಕಡೆಯ ಬಾಗಿಲಿಗೆ ಮೂರು ಎತ್ತರದ ಮೆಟ್ಟಿಲುಗಳಿವೆ. ಗಾಲಿಕುರ್ಚಿಗೆ ಇಳಿಜಾರು ದಾರಿ ಇಲ್ಲ, ಹಿಡಿದುಕೊಳ್ಳಲು ಕಟಾಂಜನವೂ ಇಲ್ಲ. ಹಳಿಯ ಕಡೆಯ ಬಾಗಿಲುಗಳನ್ನು ಜಾಲರಿ ಹಾಕಿ ಮುಚ್ಚಿದ್ದಾರೆ. ಮೇಲೆ 25,000 ವೋಲ್ಟಿನ ತಂತಿ, ಕೆಳಗೆ ಓಡುವ ಗೂಡ್ಸ್ ಗಾಡಿ ಇರುವಲ್ಲಿ ಮಕ್ಕಳ ದೃಷ್ಟಿಯಿಂದ ಅದು ಸರಿ. ಆದರೆ ಹಾಗೆ ಮಾಡಿದ ಮೇಲೆ ರಸ್ತೆಯ ಬಾಗಿಲು ಒಂದೇ ದಾರಿ. ಅದನ್ನು ಎಲ್ಲರೂ ಹತ್ತುವಂತೆ ಮಾಡದಿದ್ದರೆ ಈ ಕೆಲಸ ಅರ್ಧಕ್ಕೇ ನಿಂತಂತೆ.

ಶೌಚಾಲಯಕ್ಕೆ ಬೀಗ. ಕೀಲಿ ಒಬ್ಬರ ಬಳಿ ಇರುತ್ತದೆ, ಅವರು ಊಟಕ್ಕೆ ಹೋದರೆ ಕೀಲಿಯೂ ಹೋಗುತ್ತದೆ. ಸಂಜೆ ಓದಲು ಬರುವ ಹುಡುಗಿಯರು ಬೇಗ ಎದ್ದು ಹೋಗುವುದಕ್ಕೆ ಇದೂ ಒಂದು ಕಾರಣವೆಂದು ಅವರೇ ಹೇಳುತ್ತಾರೆ. ಗಚ್ಚಿಗೆ ಅಷ್ಟು ತಾಳ್ಮೆ ತೋರಿದವರು ಇದನ್ನು ಸರಿಪಡಿಸದಿರುವುದು ನನಗೆ ನೋವು ತಂದಿದೆ.

ಇನ್ನೊಂದು ಬೀಗ ಸ್ಟೇಷನ್ ಮಾಸ್ತರರ ಕೋಣೆಯದು. ಅಲ್ಲಿ ಹಳೆಯ ವಸ್ತುಗಳನ್ನು ಜೋಡಿಸಿ ಇಟ್ಟಿದ್ದಾರೆ: ಒಂಟಿ ಹಳಿಯ ಮಾರ್ಗದಲ್ಲಿ ಎದುರುಬದುರು ಗಾಡಿಗಳು ಬರದಂತೆ ಕಾಯುತ್ತಿದ್ದ ಟೋಕನ್ ಯಂತ್ರ, ಅದರ ಲೋಹದ ಚೆಂಡು, ಚೆಂಡನ್ನು ಚಾಲಕನಿಗೆ ಕೊಡಲು ಬಳಸುತ್ತಿದ್ದ ಬೆತ್ತದ ಬಳೆ, ಕಂಬಿಯ ತುಂಡಿನ ಗಂಟೆ, ದಪ್ಪ ರಟ್ಟಿನ ಟಿಕೆಟ್ಟುಗಳು, ಕೈದೀಪಗಳು. ನಿವೃತ್ತ ನೌಕರರು ತಮ್ಮ ಮನೆಗಳಿಂದ ತಂದುಕೊಟ್ಟವೂ ಇವುಗಳಲ್ಲಿ ಇವೆ. ಅತಿಥಿಗಳು ಬಂದಾಗ ಮಾತ್ರ ಈ ಕೋಣೆ ತೆರೆಯುತ್ತದೆ. ಶಾಲೆಯ ಮಕ್ಕಳು ಕಿಟಕಿಗೆ ಮುಖವಿಟ್ಟು ನೋಡಿ ಹೋಗುತ್ತಾರೆ. ಆ ಚೆಂಡು ಕೈಗೆ ಬರದೆ ಗಾಡಿ ಕದಲುವಂತಿರಲಿಲ್ಲ ಎಂಬುದನ್ನು ಮಗುವಿಗೆ ಒಬ್ಬರು ಹಿರಿಯರು ಹೇಳಿದರೆ ಸಾಕು, ಯಾವ ಪಾಠಕ್ಕಿಂತಲೂ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ. ಹೇಳಬಲ್ಲ ಹಿರಿಯರು ಹೊರಗಿನ ಬೆಂಚಿನ ಮೇಲೆಯೇ ಕೂತಿರುತ್ತಾರೆ.

ಅದೇ ಕೋಣೆಯ ಹೊರಗೆ ನಿಲ್ದಾಣದ ಇತಿಹಾಸದ ಫಲಕವಿದೆ. ಸದರ್ನ್ ಮರಾಠಾ ರೈಲ್ವೆ ಕಂಪನಿಯ ಹೆಸರಿದೆ, ಮಾರ್ಗ ತೆರೆದ 1884ರ ಇಸವಿಯಿದೆ, "ಬ್ರಿಟಿಷರ ಕೊಡುಗೆ" ಎಂಬ ಮಾತಿದೆ. ಕ್ಷಾಮದ ಹೆಸರೇ ಇಲ್ಲ. ಈ ಮಾರ್ಗ ಹುಟ್ಟಿದ್ದೇ ಬರದಿಂದ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ನಮ್ಮ ಸೀಮೆ ಬರಿದಾಯಿತು. ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ತರಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತವು. 1880ರ ಕ್ಷಾಮ ಆಯೋಗ ಬರಪೀಡಿತ ಸೀಮೆಗಳಿಗೆ ರೈಲುಮಾರ್ಗ ಬೇಕೆಂದಿತು, 1882ರಲ್ಲಿ ಕಂಪನಿ ಸ್ಥಾಪನೆಯಾಯಿತು, ಹೋಟಗಿ–ಗದಗ ಮಾರ್ಗ ಕ್ಷಾಮ ಮಾರ್ಗವೆಂದೇ ನಿರ್ಮಾಣವಾಯಿತು. ಮರುವರ್ಷ, 1885ರಲ್ಲಿ, ಜಿಲ್ಲೆಯ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂತು. ಹಸಿದು ಸತ್ತವರನ್ನು ನೆನೆಯದ ಫಲಕ ಈ ಗೋಡೆಗೆ ಒಪ್ಪುವುದಿಲ್ಲ. ಅದನ್ನು ಇಳಿಸಿ ಬೇರೆ ಬರೆಸಬೇಕೆಂದು ಕಟ್ಟಡ ನೋಡಿಕೊಳ್ಳುವ ಸಮಿತಿಗೆ ಲಿಖಿತವಾಗಿ ಕೊಟ್ಟಿದ್ದೇನೆ. ಪರಿಶೀಲಿಸುವುದಾಗಿ ಹೇಳಿದ್ದಾರೆ.

ಇಂಥ ಕೆಲಸ ಬೇರೆ ಕಡೆಯೂ ನಡೆದಿದೆ. ಬೆಂಗಳೂರು–ಚಿಕ್ಕಬಳ್ಳಾಪುರ ಮಾರ್ಗದ ದೊಡ್ಡಜಾಲ, ದೇವನಹಳ್ಳಿ, ಅವತಿಹಳ್ಳಿ, ನಂದಿ ಹಾಲ್ಟ್‌ಗಳ ಹಳೆಯ ನಿಲ್ದಾಣಗಳ ಜೀರ್ಣೋದ್ಧಾರವನ್ನು ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ನೈಋತ್ಯ ರೈಲ್ವೆಯೊಡನೆ ಕೈಗೆತ್ತಿಕೊಂಡಿತು. ಹುಬ್ಬಳ್ಳಿಯ ರೈಲು ಸಂಗ್ರಹಾಲಯ ನೆಲೆಗೊಂಡಿರುವುದೂ ರೈಲ್ವೆಯ ಎರಡು ಹಳೆಯ ಕಲ್ಲಿನ ಮನೆಗಳಲ್ಲಿ, ಅವುಗಳ ಹೆಸರು ಮಲಪ್ರಭಾ ಮತ್ತು ಘಟಪ್ರಭಾ. ಇನ್ನೊಂದೆಡೆ ಬೆಳಗಾವಿಯಲ್ಲಿ ಸುಮಾರು 190 ಕೋಟಿ ರೂಪಾಯಿಯ ಹೊಸ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅಮೃತ ಭಾರತ ಯೋಜನೆಯಡಿ ನವೀಕರಿಸಿದ ಬಾಗಲಕೋಟೆ, ಗೋಕಾಕ ರೋಡ್ ನಿಲ್ದಾಣಗಳು 2025ರ ಮೇ 22ರಂದು ದೇಶದಲ್ಲಿ ಒಟ್ಟಿಗೆ ಉದ್ಘಾಟನೆಗೊಂಡ 103 ನಿಲ್ದಾಣಗಳಲ್ಲಿ ಸೇರಿದ್ದವು. ಪ್ರಯಾಣಿಕರು ಹೆಚ್ಚಿರುವ ಊರುಗಳಿಗೆ ಆ ಸೌಕರ್ಯ ಬೇಕೇ ಬೇಕು. ನಾನು ಕೇಳುವುದು ಗಾಡಿ ನಿಲ್ಲುವುದೇ ಅಪರೂಪವಾದ ಸಣ್ಣ ನಿಲ್ದಾಣಗಳ ಬಗ್ಗೆ. ಅವುಗಳಿಗೆ ಕೋಟಿಗಳು ಬೇಡ, ಸುಣ್ಣ ಬಲ್ಲ ಗೌಂಡಿಗಳು ಬೇಕು, ಬಾಗಿಲು ತೆರೆದಿಡುವ ಜನ ಬೇಕು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನೂ ಎಷ್ಟೋ ಹಳ್ಳಿಗಳನ್ನೂ ಬಿಟ್ಟುಕೊಟ್ಟ ಸೀಮೆ ನಮ್ಮದು. ನೀರಿಗೆ ಹೋಗದೆ ಉಳಿದ ಹಳೆಯ ಕಲ್ಲಿನ ಕಟ್ಟಡಗಳನ್ನಾದರೂ ನಾವೇ ಕೆಡವಬಾರದು.

ಖರ್ಚಿನ ಮಾತು. ವಿದ್ಯುತ್ ಬಿಲ್ಲು ಮತ್ತು ಪತ್ರಿಕೆಗಳ ಹಣ ಊರವರ ವಂತಿಗೆಯಿಂದ ಬರುತ್ತಿದೆ. ಮೇಲಿನ ಕೋಣೆಯನ್ನು ಸಭೆಗಳಿಗೆ, ಹುಟ್ಟುಹಬ್ಬಗಳಿಗೆ ಬಾಡಿಗೆ ಕೊಡುವ ಸಲಹೆ ಬಂದಿದೆ. ಸಭೆಗೆ ಕೊಡಲಿ, ಧ್ವನಿವರ್ಧಕ ಹಚ್ಚುವ ಸಮಾರಂಭಗಳಿಗೆ ಬೇಡ, ಕೆಳಗೆ ಓದುವವರಿದ್ದಾರೆ.

ನೋಡಲು ಬರುವವರು ಸಂಜೆ ಹೊತ್ತಿಗೆ ಬರುವುದು ಒಳ್ಳೆಯದು. ಆಗ ವಾಚನಾಲಯ ತುಂಬಿರುತ್ತದೆ, ಜಾಗ ಹೇಗೆ ನಡೆಯುತ್ತಿದೆ ಎಂಬುದು ತಿಳಿಯುತ್ತದೆ. ರೊಟ್ಟಿ ಬೇಕಾದವರು ಮಧ್ಯಾಹ್ನಕ್ಕೆ ಮೊದಲೇ ಹೇಳಿಡಬೇಕು. ಪುಸ್ತಕ ಕೊಡಬಯಸುವವರಲ್ಲಿ ಒಂದು ವಿನಂತಿ: ಮನೆಯಲ್ಲಿ ಜಾಗ ಹಿಡಿದ ಹಳೆಯ ಪಠ್ಯಪುಸ್ತಕಗಳು ಇಲ್ಲಿ ಈಗಾಗಲೇ ಎರಡು ಕಪಾಟು ತುಂಬಿವೆ. ಬೇಕಾಗಿರುವುದು ಇತ್ತೀಚಿನ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು, ಮಕ್ಕಳ ಕಥೆಗಳು, ದೊಡ್ಡ ಅಕ್ಷರದಲ್ಲಿ ಅಚ್ಚಾದ ವಚನಗಳು. ಬೆಂಚಿನ ಮೇಲೆ ಕೂರುವ ಅಜ್ಜ ಅಜ್ಜಿಯರು ಕೇಳುವುದು ಅವನ್ನೇ.